ಮೊದಲ ಹವ್ಯಾಸಿ ರ‍್ಯಾಲಿ: ಚಾಲಕ ಮತ್ತು ನ್ಯಾವಿಗೇಟರ್ ಹೇಗೆ ಹೊಂದಿಕೊಳ್ಳಬೇಕು?

ಹೊಸಚಕ್ರ

ಎಲ್ಲರಿಗೂ ನಮಸ್ಕಾರ. ಇನ್ನು ಆರು ವಾರಗಳಲ್ಲಿ ನಡೆಯಲಿರುವ ಸಮಯ–ವೇಗ–ದೂರದ ಹವ್ಯಾಸಿ ರ‍್ಯಾಲಿಯೊಂದಕ್ಕೆ ನಾನು ಮತ್ತು ನನ್ನ ತಂಗಿ ಹೆಸರು ಕೊಟ್ಟಿದ್ದೇವೆ. ಕೊಟ್ಟ ಸರಾಸರಿ ವೇಗವನ್ನು ಕಾಯ್ದುಕೊಂಡು ಪ್ರತಿ ಗುರುತನ್ನೂ ನಿಗದಿತ ಸಮಯಕ್ಕೆ ಸರಿಯಾಗಿ ದಾಟುವುದೇ ಇದರ ಆಟ. ಒಟ್ಟು ದೂರ ಸುಮಾರು 180 ಕಿಲೋಮೀಟರ್. ಸಾರ್ವಜನಿಕ ರಸ್ತೆಗಳಲ್ಲಿ, ಮಾಮೂಲಿ ಸಂಚಾರದ ನಡುವೆಯೇ ಓಡಿಸಬೇಕು. ಸ್ಟೀರಿಂಗ್ ನನ್ನದು, ದಾರಿಯ ಸೂಚನೆಗಳಿರುವ ರೋಡ್‌ಬುಕ್ ಅವಳದು, ಅಂದರೆ ದಾರಿ ಹೇಳುವ ನ್ಯಾವಿಗೇಟರ್ ಅವಳು.

ಪರಿಚಿತರೊಬ್ಬರಿಂದ ಹಳೆಯ ರೋಡ್‌ಬುಕ್ ಪಡೆದು ಕಳೆದ ಭಾನುವಾರ ಅಭ್ಯಾಸಕ್ಕೆ ಹೋಗಿದ್ದೆವು. ಮೊದಲ ಹದಿನಾಲ್ಕು ಕಿಲೋಮೀಟರ್ ಸಲೀಸಾಗಿ ಸಾಗಿತು. ಆಮೇಲೆ ಒಂದು ಕವಲು ಬಂತು. ಅವಳು "ಬಲಕ್ಕೆ" ಎಂದಳು. ನನಗೆ ನೇರ ರಸ್ತೆಯೇ ಅಗಲವಾಗಿ, ಮುಖ್ಯ ರಸ್ತೆಯಂತೆ ಕಂಡಿದ್ದರಿಂದ "ಖಚಿತವಾಗಿಯೂ ಬಲಕ್ಕೇನಾ?" ಎಂದು ಕೇಳಿದೆ. ಅವಳು ಇನ್ನೊಮ್ಮೆ ನೋಡಲು ತಲೆ ಬಗ್ಗಿಸಿ ಎತ್ತುವಷ್ಟರಲ್ಲಿ ಕವಲು ಹಿಂದೆ ಬಿದ್ದಿತ್ತು. ಅವಳು ಹೇಳಿದ್ದೇ ಸರಿ ಎಂದು ತಿಳಿದಾಗ ಮೂರು ಕಿಲೋಮೀಟರ್ ಮುಂದೆ ಬಂದಿದ್ದೆವು. ಅಲ್ಲಿಂದ ಮನೆ ಸೇರುವವರೆಗೆ ಇಬ್ಬರೂ ಮಾತಾಡಲಿಲ್ಲ.

ನನ್ನ ಪ್ರಶ್ನೆಗಳು ಇವು. ಸಮಯ ಮತ್ತು ದೂರದ ಲೆಕ್ಕವನ್ನು ಆರಂಭದ ಹಂತದಲ್ಲಿ ಹೇಗೆ ಇಟ್ಟುಕೊಳ್ಳಬೇಕು? ಸ್ಪೀಡೋಮೀಟರನ್ನು ಎಷ್ಟರಮಟ್ಟಿಗೆ ನಂಬಬಹುದು? ತಿರುವುಗಳಿರುವ ರಸ್ತೆಯಲ್ಲಿ ಓದುತ್ತ ಕುಳಿತರೆ ತಂಗಿಗೆ ಹೊಟ್ಟೆ ತೊಳೆಸಿದಂತಾಗುತ್ತದೆ, ಅದಕ್ಕೇನು ಮಾಡಬೇಕು? ಇಬ್ಬರಿಗೂ ಬೇರೆ ಬೇರೆ ಅಭಿಪ್ರಾಯವಿದ್ದಾಗ ಯಾರ ಮಾತು ನಡೆಯಬೇಕು?

ದಾರಿಗುರುತು

ಹೊಸಚಕ್ರ ಅವರೇ, ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದ ಮೂರೂ ಅದರ ಮೇಲೆ ನಿಂತಿವೆ. ನಾನು ಹಲವು ವರ್ಷಗಳಿಂದ ಚಾಲಕರ ಪಕ್ಕದ ಸೀಟಿನಲ್ಲಿ ಕುಳಿತು ಬಂದವನು. ದಾರಿ ಮತ್ತು ಸಮಯದ ವಿಷಯದಲ್ಲಿ ನ್ಯಾವಿಗೇಟರ್ ಮಾತು ನಡೆಯಬೇಕು. ಕಾರು ಮತ್ತು ಸುರಕ್ಷತೆಯ ವಿಷಯದಲ್ಲಿ ಚಾಲಕರ ಮಾತು ನಡೆಯಬೇಕು. ಈ ಗಡಿಯನ್ನು ಮನೆಯಲ್ಲಿ, ಕಾರು ಹತ್ತುವ ಮೊದಲೇ, ಇಬ್ಬರೂ ಕುಳಿತು ಒಪ್ಪಿಕೊಳ್ಳಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂಥ ಜೋಡಿಗಳನ್ನು ಪ್ರತಿ ರ‍್ಯಾಲಿಯಲ್ಲೂ ಕಾಣುತ್ತೇನೆ, ಮತ್ತು ಅವರಲ್ಲಿ ಹೆಚ್ಚಿನವರಿಗೆ ಚಾಲನೆಯೂ ಬರುತ್ತದೆ, ಲೆಕ್ಕವೂ ಬರುತ್ತದೆ.

ನಿಮ್ಮ ಕವಲಿನಲ್ಲಿ ತಪ್ಪಿದ್ದು ನೀವು ಕೇಳಿದ ಪ್ರಶ್ನೆಯಿಂದ. ಕವಲಿಗೆ ಐವತ್ತು ಮೀಟರ್ ಇರುವಾಗ "ಖಚಿತವಾಗಿಯೂ?" ಎಂದು ಕೇಳಿದರೆ ಅವರು ಉತ್ತರಕ್ಕಾಗಿ ರಸ್ತೆಯಿಂದ ಕಣ್ಣು ತೆಗೆದು ಹಾಳೆಗೆ ಹೋಗಲೇಬೇಕು, ಮತ್ತು ಕಾರು ಅಷ್ಟು ಹೊತ್ತು ಕಾಯುವುದಿಲ್ಲ. ಅನುಮಾನ ಬಂದರೆ ಮಾಡಬೇಕಾದದ್ದು ಒಂದೇ: ವೇಗ ತಗ್ಗಿಸಿ, ಹಿಂದೆ ಮುಂದೆ ನೋಡಿಕೊಂಡು ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸುವುದು. ಹತ್ತು ಸೆಕೆಂಡು ಹೋಗುತ್ತದೆ. ಮೂರು ಕಿಲೋಮೀಟರ್ ಹೋಗಿ ಮರಳುವುದರಲ್ಲಿ ಹತ್ತು ನಿಮಿಷ ಹೋಗುತ್ತದೆ.

ಇನ್ನು ರೋಡ್‌ಬುಕ್ ಓದುವ ಕ್ರಮ. ಪ್ರತಿ ಸಾಲಿನಲ್ಲೂ ಆರಂಭದಿಂದ ಆದ ಒಟ್ಟು ದೂರ, ಹಿಂದಿನ ಗುರುತಿನಿಂದ ಆದ ಬಿಡಿ ದೂರ, ಒಂದು ಪುಟ್ಟ ಚಿತ್ರ ಮತ್ತು ಟಿಪ್ಪಣಿ ಇರುತ್ತವೆ. ಆ ಚಿತ್ರಕ್ಕೆ ಟ್ಯೂಲಿಪ್ ಎನ್ನುತ್ತಾರೆ. 1949ರಲ್ಲಿ ಆರಂಭವಾದ ನೆದರ್ಲೆಂಡ್ಸ್‌ನ ಟ್ಯೂಲಿಪ್ ರ‍್ಯಾಲಿಯಿಂದ ಆ ಹೆಸರು ಬಂದಿದೆ. ಚಿತ್ರದಲ್ಲಿ ದುಂಡು ಚುಕ್ಕೆ ಇರುವುದು ನೀವು ಬರುವ ಕಡೆ, ಬಾಣದ ತುದಿ ಇರುವುದು ಹೋಗಬೇಕಾದ ಕಡೆ. ಇದು ಭೂಪಟವಲ್ಲವಾದ್ದರಿಂದ ಅದರಲ್ಲಿ ಅಳತೆಯಿಲ್ಲ, ದಿಕ್ಕೂ ಇಲ್ಲ. ಯಾವ ರಸ್ತೆ ಅಗಲ, ಯಾವುದು ಕಿರಿದು ಎಂಬುದನ್ನೂ ಹಲವು ಬಾರಿ ತೋರಿಸುವುದಿಲ್ಲ. "ನೇರ ರಸ್ತೆ ಮುಖ್ಯ ರಸ್ತೆಯಂತೆ ಕಂಡಿತು" ಎಂದು ಬರೆದಿದ್ದೀರಿ. ರ‍್ಯಾಲಿ ಮಾರ್ಗವನ್ನು ರೂಪಿಸುವವರು ಅಂಥ ಕಡೆಯಲ್ಲೇ ಕಿರಿದಾದ ದಾರಿಗೆ ತಿರುಗಿಸುತ್ತಾರೆ.

ಲೆಕ್ಕದ ಮೂಲ ಬಹಳ ಸರಳ. 3600ನ್ನು ಕೊಟ್ಟಿರುವ ಸರಾಸರಿ ವೇಗದಿಂದ ಭಾಗಿಸಿದರೆ ಒಂದು ಕಿಲೋಮೀಟರ್‌ಗೆ ಎಷ್ಟು ಸೆಕೆಂಡು ಎಂಬುದು ಸಿಗುತ್ತದೆ. ಗಂಟೆಗೆ 36 ಕಿಲೋಮೀಟರ್ ಎಂದರೆ 100 ಸೆಕೆಂಡು, 40 ಎಂದರೆ 90, 45 ಎಂದರೆ 80, 48 ಎಂದರೆ 75, 50 ಎಂದರೆ 72. ಒಂದು ಹಂತವು 40ರ ಸರಾಸರಿಯಲ್ಲಿ ಶುರುವಾಗಿ 18.40 ಕಿಲೋಮೀಟರ್‌ನಲ್ಲಿ 36ಕ್ಕೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ. 18.40ನ್ನು 90ರಿಂದ ಗುಣಿಸಿದರೆ 1656 ಸೆಕೆಂಡು, ಅಂದರೆ 27 ನಿಮಿಷ 36 ಸೆಕೆಂಡು. ಅಲ್ಲಿಂದ 25.00 ಕಿಲೋಮೀಟರ್‌ವರೆಗೆ ಉಳಿದ 6.60 ಕಿಲೋಮೀಟರ್‌ಗೆ 660 ಸೆಕೆಂಡು, ಅಂದರೆ 11 ನಿಮಿಷ. ಹೀಗೆ 25.00ರ ಗುರುತನ್ನು ನೀವು ಹೊರಟ ಹೊತ್ತಿನಿಂದ 38 ನಿಮಿಷ 36 ಸೆಕೆಂಡಿಗೆ ದಾಟಬೇಕು. ಪ್ರತಿ ಟ್ಯೂಲಿಪ್ ಪಕ್ಕದಲ್ಲಿ ಈ ಆದರ್ಶ ಸಮಯವನ್ನು ಪೆನ್ಸಿಲ್‌ನಿಂದ ಬರೆದುಕೊಂಡರೆ ದಾರಿಯಲ್ಲಿ ಗುಣಾಕಾರ ಮಾಡುವ ಅಗತ್ಯವೇ ಬೀಳುವುದಿಲ್ಲ. ಹೊರಡುವ ಮೊದಲು ನಿಮ್ಮ ಗಡಿಯಾರವನ್ನು ಆಯೋಜಕರ ಗಡಿಯಾರಕ್ಕೆ ಸೆಕೆಂಡಿನ ಮಟ್ಟಕ್ಕೆ ಹೊಂದಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.

ಕೂಗುವ ಕ್ರಮದ ಬಗ್ಗೆ ಒಂದು ಮಾತು. ಮೊದಲು ದೂರ, ಆಮೇಲೆ ಗುರುತು, ಕೊನೆಗೆ ದಿಕ್ಕು: "ಮುನ್ನೂರು ಮೀಟರ್, ಮೋರಿ ದಾಟಿದ ಮೇಲೆ, ಎಡಕ್ಕೆ." ಚಾಲಕರು ದಿಕ್ಕನ್ನು ಮರುನುಡಿಯಬೇಕು: "ಎಡಕ್ಕೆ." ತಿರುಗಿದ ಕೂಡಲೇ ಮುಂದಿನ ಸಾಲು. "ಅಲ್ಲಿ", "ಇಲ್ಲೇ", "ಈ ಕಡೆ" ಎಂಬ ಮಾತುಗಳಿಗೆ ಕಾರಿನೊಳಗೆ ಜಾಗವಿಲ್ಲ. "ಸರಿ" ಎಂಬ ಮಾತು ಕೂಡ ಅಪಾಯಕಾರಿ, ಏಕೆಂದರೆ "ನೀನು ಹೇಳಿದ್ದು ಸರಿ" ಎಂದೋ "ಸರಿ, ತಿರುಗು" ಎಂದೋ ಕೇಳಿದವರಿಗೆ ಗೊತ್ತಾಗುವುದಿಲ್ಲ.

ಸ್ಟೀರಿಂಗ್

ದಾರಿಗುರುತು ಅವರು ಹೇಳಿದ್ದರ ಮೇಲೆ ಚಾಲಕರ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ.

ಸ್ಪೀಡೋಮೀಟರನ್ನು ಲೆಕ್ಕಕ್ಕೆ ನಂಬಬೇಡಿ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಹೆಚ್ಚು ತೋರಿಸಲು ಮಾತ್ರ ನಿಜ ವೇಗದ ಹತ್ತರಲ್ಲೊಂದು ಭಾಗ ಮತ್ತು ಅದರ ಮೇಲೆ ಗಂಟೆಗೆ 4 ಕಿಲೋಮೀಟರ್‌ವರೆಗೆ ಅವಕಾಶವಿದೆ. ಹಾಗಾಗಿ ತಯಾರಕರು ಮುಳ್ಳನ್ನು ಸಾಮಾನ್ಯವಾಗಿ ಸ್ವಲ್ಪ ಮುಂದಕ್ಕೇ ಇಟ್ಟಿರುತ್ತಾರೆ. ಮುಳ್ಳು 40ರಲ್ಲಿ ನಿಂತಿದೆ ಎಂದು ನೆಮ್ಮದಿಯಿಂದ ಓಡಿಸಿದವರು ಸಮಯ ದಾಖಲಿಸುವ ಕಂಟ್ರೋಲ್ ತಲುಪುವ ಹೊತ್ತಿಗೆ ತಡವಾಗಿರುತ್ತಾರೆ. ರಸ್ತೆಯ ವೇಗಮಿತಿ ಪಾಲಿಸಲು ಸ್ಪೀಡೋಮೀಟರ್ ಇದೆ. ರ‍್ಯಾಲಿಯ ಸಮಯವನ್ನು ದೂರಮಾಪಕ ಮತ್ತು ಗಡಿಯಾರದಿಂದಲೇ ಕಾಯಬೇಕು.

ತಡವಾದದ್ದನ್ನು ತುಂಬಿಕೊಳ್ಳುವ ಬಗೆಯನ್ನು ಅಂಕಿಗಳಲ್ಲೇ ನೋಡಿದರೆ ಆತುರ ತಾನಾಗಿ ಇಳಿಯುತ್ತದೆ. 40ರ ಸರಾಸರಿಯಲ್ಲಿ ಇಪ್ಪತ್ತು ಸೆಕೆಂಡು ಹಿಂದೆ ಬಿದ್ದಿದ್ದೀರಿ ಎಂದುಕೊಳ್ಳಿ. 45ರಲ್ಲಿ ಓಡಿಸಿದರೆ ಕಿಲೋಮೀಟರ್‌ಗೆ 90ರ ಬದಲು 80 ಸೆಕೆಂಡು ಹಿಡಿಯುವುದರಿಂದ ಎರಡೇ ಕಿಲೋಮೀಟರ್‌ನಲ್ಲಿ ಬಾಕಿ ತೀರುತ್ತದೆ. ಐದು ಕಿಲೋಮೀಟರ್ ವೇಗ ಹೆಚ್ಚಿಸಿದರೆ ಆಗುವ ಕೆಲಸಕ್ಕೆ ಕಾರನ್ನು ಹುಚ್ಚುಕುದುರೆಯಂತೆ ಓಡಿಸುವವರನ್ನು ಕಂಡಾಗ ನನಗೆ ನಿಜವಾಗಿಯೂ ದುಃಖವಾಗುತ್ತದೆ. ಅದು ನಮ್ಮ ಆಟವಲ್ಲ. ಆ ರಸ್ತೆಯಲ್ಲಿ ಬೇರೆಯವರೂ ಇದ್ದಾರೆ, ಅವರು ರ‍್ಯಾಲಿಗೆ ಹೆಸರು ಕೊಟ್ಟವರಲ್ಲ.

ನ್ಯಾವಿಗೇಟರ್ "ಎಂಟು ಸೆಕೆಂಡು ತಡ" ಎಂದಾಗ ಚಾಲಕರು ಕೊಡಬೇಕಾದ ಉತ್ತರ ಕಾಲಿನಲ್ಲಿರಬೇಕು, ಬಾಯಲ್ಲಲ್ಲ. ಏಕೆ ತಡವಾಯಿತು ಎಂಬ ವಿಚಾರಣೆಯನ್ನು ಮುಗಿತಾಯದ ಗೆರೆ ದಾಟಿದ ಮೇಲೆ ಇಟ್ಟುಕೊಳ್ಳಿ. ಹಾಗೆಯೇ ಮುಂದಿನ ಕಾರನ್ನು ಹಿಂಬಾಲಿಸುವ ಆಸೆಯನ್ನು ಬಿಟ್ಟುಬಿಡಿ. ಕಾರುಗಳನ್ನು ಒಂದೊಂದು ನಿಮಿಷದ ಅಂತರದಲ್ಲಿ ಬಿಡುವುದು ರೂಢಿ. ಮುಂದಿನವರು ಕಣ್ಣಿಗೆ ಬೀಳುತ್ತಿದ್ದಾರೆ ಎಂದರೆ ನಿಮ್ಮಿಬ್ಬರಲ್ಲಿ ಒಬ್ಬರ ಸಮಯವಂತೂ ತಪ್ಪಿದೆ. ಬೇರೆ ವಿಭಾಗದವರಾದರೆ ಅವರಿಗೆ ಕೊಟ್ಟ ಸರಾಸರಿ ವೇಗವೇ ಬೇರೆ ಇರಬಹುದು.

ಹೊಸಚಕ್ರ

ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ಮತ್ತೆ ಅಭ್ಯಾಸಕ್ಕೆ ಹೋಗಿದ್ದೆವು. ದೂರ, ಗುರುತು, ದಿಕ್ಕು ಎಂಬ ಕ್ರಮದಲ್ಲಿ ಕೂಗಿದಾಗ ಕಾರಿನೊಳಗಿನ ಗಲಿಬಿಲಿ ಅರ್ಧಕ್ಕರ್ಧ ಕಡಿಮೆಯಾಯಿತು. ಆದರೆ ಹೊಸ ತೊಡಕೊಂದು ಎದುರಾಗಿದೆ. ರೋಡ್‌ಬುಕ್‌ನಲ್ಲಿ 10.00 ಎಂದು ಬರೆದಿದ್ದ ಜಾಗದಲ್ಲಿ ಓಡಿದ ದೂರ ತೋರಿಸುವ ನಮ್ಮ ಟ್ರಿಪ್‌ಮೀಟರ್ 10.24 ತೋರಿಸಿತು. ಎರಡು ಬಾರಿ ಓಡಿಸಿ ನೋಡಿದರೂ ಅದೇ ಅಂಕಿ. ಗುಣಿಸಬೇಕೋ ಭಾಗಿಸಬೇಕೋ ಎಂಬುದರಲ್ಲಿ ನಾನೂ ತಂಗಿಯೂ ಒಮ್ಮತಕ್ಕೆ ಬರಲಿಲ್ಲ.

ದಾರಿಗುರುತು

ಎರಡು ಬಾರಿ ಓಡಿಸಿ ನೋಡಿದ್ದು ಒಳ್ಳೆಯದಾಯಿತು. ನಿಮ್ಮ ಮೀಟರ್ ನೂರಕ್ಕೆ 2.4ರಷ್ಟು ಹೆಚ್ಚು ತೋರಿಸುತ್ತಿದೆ. ರೋಡ್‌ಬುಕ್‌ನ ದೂರವನ್ನು 1.024ರಿಂದ ಗುಣಿಸಿದರೆ ಆ ಜಾಗದಲ್ಲಿ ನಿಮ್ಮ ಮೀಟರ್ ಏನು ತೋರಿಸಬೇಕು ಎಂಬುದು ತಿಳಿಯುತ್ತದೆ, 25.00 ಎಂದು ಬರೆದ ಜಾಗದಲ್ಲಿ ನಿಮಗೆ 25.60 ಕಾಣಿಸುತ್ತದೆ. ಮೀಟರ್ ತೋರಿಸಿದ್ದನ್ನು 1.024ರಿಂದ ಭಾಗಿಸಿದರೆ ಆಯೋಜಕರ ದೂರ ಸಿಗುತ್ತದೆ. ಆದ್ದರಿಂದ ನೀವಿಬ್ಬರೂ ಸರಿಯಾಗಿಯೇ ಹೇಳುತ್ತಿದ್ದೀರಿ ಎಂದು ತೋರುತ್ತದೆ, ಹಿಡಿದಿರುವ ತುದಿ ಮಾತ್ರ ಬೇರೆ.

ಇದನ್ನು ಸಣ್ಣ ವ್ಯತ್ಯಾಸವೆಂದು ಬಿಟ್ಟರೆ ಏನಾಗುತ್ತದೆ ನೋಡಿ. 40ರ ಸರಾಸರಿಯಲ್ಲಿ 25.00 ಕಿಲೋಮೀಟರ್‌ಗೆ ಆದರ್ಶ ಸಮಯ 37 ನಿಮಿಷ 30 ಸೆಕೆಂಡು. ನಿಮ್ಮ ಮೀಟರನ್ನೇ ನಂಬಿ ಸರಾಸರಿ ಕಾಯ್ದರೆ ಅದೇ ಜಾಗಕ್ಕೆ 38 ನಿಮಿಷ 24 ಸೆಕೆಂಡಿಗೆ ತಲುಪುತ್ತೀರಿ. ಎಲ್ಲೂ ದಾರಿ ತಪ್ಪದೆ, ಎಲ್ಲೂ ನಿಲ್ಲದೆ, ಎಲ್ಲವೂ ಸರಿಯಾಗಿದೆ ಎಂಬ ಭಾವನೆಯಲ್ಲೇ 54 ಸೆಕೆಂಡು ಕಳೆದುಕೊಂಡಿರುತ್ತೀರಿ.

ವ್ಯತ್ಯಾಸ ಏಕೆ ಬರುತ್ತದೆ ಎಂಬುದನ್ನೂ ತಿಳಿದಿರಿ. ಕಾರಿನ ಮೀಟರ್ ಎಣಿಸುವುದು ಚಕ್ರದ ಸುತ್ತುಗಳನ್ನು. ಟೈರ್ ಸವೆದಷ್ಟೂ ಚಕ್ರ ಚಿಕ್ಕದಾಗುತ್ತದೆ, ಅಷ್ಟೇ ದೂರಕ್ಕೆ ಹೆಚ್ಚು ಸುತ್ತು ಬೇಕಾಗುತ್ತದೆ, ಮೀಟರ್ ಹೆಚ್ಚು ತೋರಿಸುತ್ತದೆ. 300 ಮಿಲಿಮೀಟರ್ ತ್ರಿಜ್ಯದ ಚಕ್ರದಲ್ಲಿ 6 ಮಿಲಿಮೀಟರ್ ಸವೆತವೆಂದರೆ ನೂರಕ್ಕೆ ಎರಡರಷ್ಟು ವ್ಯತ್ಯಾಸ. ಗಾಳಿಯ ಒತ್ತಡ ಕಡಿಮೆಯಿದ್ದರೂ ಪರಿಣಾಮ ಅದೇ ಕಡೆಗೆ. ಆದ್ದರಿಂದ ರ‍್ಯಾಲಿಗೆ ಯಾವ ಟೈರ್ ಹಾಕುತ್ತೀರೋ ಅದರಲ್ಲೇ, ಅದೇ ಒತ್ತಡದಲ್ಲೇ, ಸ್ವಲ್ಪ ದೂರ ಓಡಿಸಿ ಟೈರ್ ಬಿಸಿಯಾದ ಮೇಲೆ ಅಳೆಯಿರಿ. ರ‍್ಯಾಲಿಯ ಆರಂಭದಲ್ಲಿ ಆಯೋಜಕರು ಇದಕ್ಕೆಂದೇ ಒಂದಷ್ಟು ದೂರ ಕೊಟ್ಟಿದ್ದರೆ ಅಲ್ಲಿ ಸಿಕ್ಕಿದ ಅಂಕಿಯನ್ನೇ ಅಂದಿಗೆ ಪ್ರಮಾಣವಾಗಿ ಇಟ್ಟುಕೊಳ್ಳಿ, ಮನೆಯಲ್ಲಿ ಅಳೆದದ್ದನ್ನಲ್ಲ.

ಕಂಟ್ರೋಲ್ ಮೇಜು

ನಾನು ಮಾರ್ಷಲ್ ಆಗಿ ಕೆಲಸ ಮಾಡುವವಳು. ಸ್ಪರ್ಧಿಗಳ ಚರ್ಚೆಯಲ್ಲಿ ನಮ್ಮ ಮೇಜಿನ ಬಳಿ ನಡೆಯುವುದರ ಪ್ರಸ್ತಾಪ ಕಡಿಮೆ ಬರುತ್ತದೆಯಾದ್ದರಿಂದ ಬರೆಯುತ್ತಿದ್ದೇನೆ.

ಸಮಯ ದಾಖಲಿಸುವ ಕಂಟ್ರೋಲ್ ಎಲ್ಲಿದೆ ಎಂಬುದನ್ನು ಹೆಚ್ಚಿನ ಹಂತಗಳಲ್ಲಿ ಮೊದಲೇ ಹೇಳಿರುವುದಿಲ್ಲ. ತಿರುವಿನ ಆಚೆಗೋ ಏರು ದಾಟಿ ಇಳಿದ ಕೂಡಲೇ ಸಿಗುವ ಜಾಗದಲ್ಲೋ ನಮ್ಮನ್ನು ಕೂರಿಸಿರುತ್ತಾರೆ. ಬೇಗ ಬಂದರೂ ದಂಡ, ತಡವಾಗಿ ಬಂದರೂ ದಂಡ. ಬೇಗ ಬಂದವರಿಗೆ ಸೆಕೆಂಡಿಗೆ ದುಪ್ಪಟ್ಟು ದಂಡ ವಿಧಿಸುವ ರ‍್ಯಾಲಿಗಳೂ ಇವೆ, ಅದನ್ನು ಪೂರಕ ನಿಯಮಗಳಲ್ಲಿ ಓದಿಕೊಳ್ಳಬೇಕು. ನಮ್ಮ ಫಲಕ ಕಂಡೊಡನೆ ಬೇಗ ಬಂದೆವೆಂದು ತಿಳಿದು ಬ್ರೇಕ್ ಒತ್ತಿ, ರಸ್ತೆ ನಡುವೆಯೇ ತೆವಳುತ್ತ ಬರುವವರಿದ್ದಾರೆ. ಕಂಟ್ರೋಲ್ ಕಣ್ಣಿಗೆ ಬಿದ್ದ ಮೇಲೆ ಹಾಗೆ ನಿಲ್ಲುವುದಕ್ಕೆ ಬಹಳಷ್ಟು ನಿಯಮಾವಳಿಗಳಲ್ಲಿ ಪ್ರತ್ಯೇಕ ದಂಡವಿದೆ. ದಂಡದ ಮಾತು ಹಾಗಿರಲಿ, ಹಿಂದೆ ಬರುವ ಲಾರಿಯ ಚಾಲಕನಿಗೆ ನೀವು ಏಕೆ ನಿಂತಿರಿ ಎಂಬುದು ಗೊತ್ತಿರುವುದಿಲ್ಲ.

ಸಮಯ ಬರೆದು ಟೈಮ್ ಕಾರ್ಡ್ ವಾಪಸ್ ಕೊಟ್ಟಾಗ ದಯವಿಟ್ಟು ಅಲ್ಲೇ ಓದಿ ನೋಡಿ. ಕಳೆದ ಬಾರಿ ಒಂದು ಜೋಡಿಯ ಕಾರ್ಡಿನಲ್ಲಿ ನಾನು ಗಂಟೆಯ ಅಂಕಿಯನ್ನೇ ತಪ್ಪಾಗಿ ಬರೆದಿದ್ದೆ. 11ರ ಜಾಗದಲ್ಲಿ 10. ನ್ಯಾವಿಗೇಟರ್ ಆಗಿದ್ದ ಹುಡುಗಿ ಕಿಟಕಿಯಿಂದ ಕೈ ಹೊರಚಾಚಿ, ಕಾರ್ಡಿನ ಆ ಒಂದು ಚೌಕದ ಮೇಲೆ ಬೆರಳಿಟ್ಟು, "ಮೇಡಂ, ಇದನ್ನೊಂದು ಸಲ ನೋಡುತ್ತೀರಾ?" ಎಂದಳು. ತಿದ್ದಿ, ಪಕ್ಕದಲ್ಲಿ ಸಹಿ ಹಾಕಿಕೊಟ್ಟೆ. ಕಾರು ಮುಂದೆ ಹೋದ ಮೇಲೆ ಅವಳು ಹೇಳಿದ್ದರೆ ನಾನು ಏನೂ ಮಾಡುವಂತಿರಲಿಲ್ಲ. ಅವಳ ಧ್ವನಿಯಲ್ಲಿ ಆತುರವಿರಲಿಲ್ಲ, ಆಕ್ಷೇಪವೂ ಇರಲಿಲ್ಲ. ಬಿಸಿಲಲ್ಲಿ ಬೆಳಗಿನಿಂದ ಕುಳಿತವರಿಗೆ ಅಂಥ ಮಾತು ಎಷ್ಟು ನೆಮ್ಮದಿ ಕೊಡುತ್ತದೆ ಎಂಬುದನ್ನು ಸ್ಪರ್ಧಿಗಳು ತಿಳಿಯಬೇಕು.

ಮಡಿಲ ಹಾಳೆ

ಹೊಸಚಕ್ರ ಅವರ ಮೂರನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ, ಅದೇ ತೊಂದರೆಯಲ್ಲಿ ಎರಡು ರ‍್ಯಾಲಿಗಳನ್ನು ಅರ್ಧಕ್ಕೆ ಬಿಟ್ಟ ನಾನು ಬರೆಯುತ್ತೇನೆ. ಕಿವಿಯೊಳಗಿನ ಸಮತೋಲನದ ಅಂಗಕ್ಕೆ ದೇಹ ತಿರುಗುತ್ತಿದೆ, ಓಲಾಡುತ್ತಿದೆ ಎಂದು ತಿಳಿಯುತ್ತಿರುತ್ತದೆ. ಕಣ್ಣಿಗೋ ಅಲುಗಾಡದ ಹಾಳೆ ಮಾತ್ರ ಕಾಣುತ್ತಿರುತ್ತದೆ. ಈ ಎರಡು ಸುದ್ದಿಗಳು ತಾಳೆಯಾಗದೆ ಹೋದಾಗ ಹೊಟ್ಟೆ ತೊಳೆಸುತ್ತದೆ. ಹಾಗಾಗಿ ಕಣ್ಣಿಗೂ ರಸ್ತೆಯನ್ನು ಕಾಣಿಸುತ್ತಿರುವುದೇ ಉಪಾಯ.

ನಾನು ರೋಡ್‌ಬುಕ್ಕನ್ನು ಮಡಿಲಲ್ಲಿಟ್ಟು ಓದುವುದನ್ನು ನಿಲ್ಲಿಸಿ, ಗಟ್ಟಿ ಹಲಗೆಗೆ ಕ್ಲಿಪ್ ಹಾಕಿ ಎದೆಯ ಮಟ್ಟಕ್ಕೆ ಎತ್ತಿ ಹಿಡಿಯಲು ಕಲಿತೆ. ಕತ್ತು ಬಗ್ಗಿಸದೆ ಕಣ್ಣನ್ನಷ್ಟೇ ಇಳಿಸಿದರೆ ಸಾಕಾಗುತ್ತದೆ. ನೇರ ರಸ್ತೆ ಸಿಕ್ಕಾಗ ಮುಂದಿನ ಮೂರು ಸಾಲುಗಳನ್ನು ಒಟ್ಟಿಗೆ ಓದಿ ಮನಸ್ಸಿನಲ್ಲಿಟ್ಟುಕೊಂಡು, ತಿರುವುಗಳು ಬಂದಾಗ ರಸ್ತೆಯನ್ನೇ ನೋಡುತ್ತ ಕೂಗುತ್ತೇನೆ. ಕಿಟಕಿ ಸ್ವಲ್ಪ ತೆರೆದಿರುತ್ತದೆ. ಹೊಟ್ಟೆ ಪೂರ್ತಿ ಖಾಲಿಯೂ ಇರಬಾರದು, ಭಾರವೂ ಆಗಿರಬಾರದು. ವಾಂತಿ ತಡೆಯುವ ಮಾತ್ರೆಗಳಲ್ಲಿ ಹಲವು ನಿದ್ದೆ ಬರಿಸುತ್ತವೆ. ವೈದ್ಯರನ್ನು ಕೇಳದೆ, ಅಭ್ಯಾಸದ ದಿನ ಒಮ್ಮೆ ತೆಗೆದುಕೊಂಡು ನೋಡದೆ, ರ‍್ಯಾಲಿಯ ದಿನವೇ ಮೊದಲ ಬಾರಿ ನುಂಗಬೇಡಿ.

ಚಾಲಕರಿಗೂ ಇದರಲ್ಲಿ ಪಾಲಿದೆ. ತಿರುವಿನೊಳಗೆ ಬ್ರೇಕ್ ಒತ್ತುವವರ ಪಕ್ಕದಲ್ಲಿ ಯಾರ ಹೊಟ್ಟೆಯೂ ಸುಮ್ಮನಿರುವುದಿಲ್ಲ. ತಿರುವಿಗೆ ಮೊದಲೇ ವೇಗ ಇಳಿಸಿ, ಒಂದೇ ಹದದಲ್ಲಿ ತಿರುಗಿಸಿ.

ಬೆರಳ ತುದಿ

ಇಷ್ಟೆಲ್ಲ ಲೆಕ್ಕ ಏಕೆ ಬೇಕು ಎಂಬುದು ನನ್ನ ಪ್ರಾಮಾಣಿಕ ಪ್ರಶ್ನೆ. ಫೋನಿನಲ್ಲಿ ಉಪಗ್ರಹ ಆಧಾರಿತ ಆ್ಯಪ್‌ಗಳಿವೆ. ದೂರ, ಸರಾಸರಿ, ಎಷ್ಟು ಸೆಕೆಂಡು ಹಿಂದೆ ಮುಂದೆ ಎಂಬುದೆಲ್ಲ ಪರದೆಯ ಮೇಲೆ ಬರುತ್ತದೆ. ಇನ್ನೊಂದು ಸಂದೇಹವೂ ಇದೆ. "ಎಡ ನಾಲ್ಕು, ಬಲ ಮೂರು" ಎಂದು ಓದುತ್ತಾರಲ್ಲ, ಅದನ್ನು ಇಲ್ಲಿ ಯಾರೂ ಪ್ರಸ್ತಾಪಿಸಲಿಲ್ಲವೇಕೆ?

ಸ್ಟೀರಿಂಗ್

ಎರಡನೆಯದಕ್ಕೆ ನಾನು ಉತ್ತರಿಸುತ್ತೇನೆ. "ಎಡ ನಾಲ್ಕು" ಎಂಬುದು ಪೇಸ್ ನೋಟ್. ತಿರುವು ಎಷ್ಟು ಕಡಿದು ಎಂಬುದನ್ನು ಅಂಕಿಯಲ್ಲಿ ಹೇಳುವ ಕ್ರಮ ಅದು. ಸಂಚಾರಕ್ಕೆ ಮುಚ್ಚಿದ ರಸ್ತೆಯಲ್ಲಿ, ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಓಡಿಸುವ ವಿಶೇಷ ಹಂತಗಳಿರುವ ರ‍್ಯಾಲಿಗೆ ಸೇರಿದ್ದು. ಚಾಲಕ ಮತ್ತು ನ್ಯಾವಿಗೇಟರ್ ಮೊದಲೇ ಆ ರಸ್ತೆಯಲ್ಲಿ ಹೋಗಿ ತಮ್ಮ ಕೈಯಾರೆ ಟಿಪ್ಪಣಿ ಬರೆದುಕೊಂಡಿರುತ್ತಾರೆ. ನಮ್ಮ ಹವ್ಯಾಸಿ ರ‍್ಯಾಲಿಯಲ್ಲಿ ರೋಡ್‌ಬುಕ್ ಹೊರಡುವ ಸ್ವಲ್ಪ ಮೊದಲಷ್ಟೇ ಕೈಗೆ ಬರುತ್ತದೆ, ರಸ್ತೆ ತೆರೆದಿರುತ್ತದೆ, ವೇಗವನ್ನು ಆಯೋಜಕರು ನಿಗದಿಪಡಿಸಿರುತ್ತಾರೆ.

ಎರಡರಲ್ಲೂ ಸಮಾನವಾದದ್ದು ಒಂದಿದೆ: ಪಕ್ಕದವರ ಮಾತಿನ ಮೇಲೆ ಇಡುವ ವಿಶ್ವಾಸ. ಇಟಲಿಯ ರಸ್ತೆಗಳಲ್ಲಿ ನಡೆದ 1955ರ ಮಿಲ್ಲೆ ಮಿಲಿಯಾ ಕಾರು ಸ್ಪರ್ಧೆಯಲ್ಲಿ ಚಾಲಕ ಸ್ಟರ್ಲಿಂಗ್ ಮಾಸ್ ಅವರ ಪಕ್ಕದಲ್ಲಿ ಪತ್ರಕರ್ತ ಡೆನಿಸ್ ಜೆಂಕಿನ್ಸನ್ ಕುಳಿತಿದ್ದರು. ಅವರು ದಾರಿಯ ಟಿಪ್ಪಣಿಗಳನ್ನು ಐದು ಮೀಟರ್‌ಗೂ ಉದ್ದದ ಕಾಗದದ ಸುರುಳಿಯಲ್ಲಿ ಬರೆದು, ಲೋಹದ ಪೆಟ್ಟಿಗೆಯೊಳಗೆ ಸುತ್ತುತ್ತ ಓದಿದರು. ಸದ್ದಿನಲ್ಲಿ ಮಾತು ಕೇಳಿಸದ ಕಾರಣ ಕೈಸನ್ನೆಯಲ್ಲೇ ತಿಳಿಸಿದರು. ಸುಮಾರು 1,600 ಕಿಲೋಮೀಟರ್ ದೂರವನ್ನು 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ ಮುಗಿಸಿ ಗೆದ್ದರು. ಏರಿನ ಆಚೆ ರಸ್ತೆ ನೇರವಾಗಿದೆ ಎಂದು ಕೈಸನ್ನೆ ಬಂದಾಗ, ಕಣ್ಣಿಗೆ ಏನೂ ಕಾಣದಿದ್ದರೂ ಮಾಸ್ ವೇಗ ಇಳಿಸುತ್ತಿರಲಿಲ್ಲ. 1981ರ ಸಾನ್‌ರೆಮೊ ರ‍್ಯಾಲಿಯಲ್ಲಿ ಮಿಷೆಲ್ ಮೂಟೊನ್ ಗೆದ್ದು ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತೊಂದನ್ನು ಗೆದ್ದ ಮೊದಲ ಮಹಿಳೆಯಾದಾಗಲೂ ಪಕ್ಕದಲ್ಲಿದ್ದವರು ಫಾಬ್ರಿಜಿಯಾ ಪೊನ್ಸ್. ಗೆದ್ದವರ ಹೆಸರು ಹೇಳುವಾಗ ಎರಡನೆಯ ಹೆಸರನ್ನು ಬಿಡಬಾರದು ಎಂಬುದು ನನ್ನ ಆಸೆ.

ದಾರಿಗುರುತು

ಆ್ಯಪ್ ಬಗ್ಗೆ ಹೇಳುವುದಾದರೆ, ಯಾವ ಸಾಧನಕ್ಕೆ ಅನುಮತಿ ಇದೆ ಎಂಬುದನ್ನು ಆಯಾ ರ‍್ಯಾಲಿಯ ನಿಯಮಗಳು ತೀರ್ಮಾನಿಸುತ್ತವೆ. ಸಾಮಾನ್ಯ ಗಡಿಯಾರ ಮತ್ತು ಕಾರಿನ ಸ್ವಂತ ಮೀಟರ್ ಬಿಟ್ಟು ಬೇರೇನನ್ನೂ ಒಪ್ಪದ ವಿಭಾಗಗಳಿವೆ. ಅನುಮತಿ ಇರುವಲ್ಲಿ ಬಳಸುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಆ್ಯಪ್‌ಗೆ ಸರಾಸರಿ ಬದಲಾದ ಜಾಗವನ್ನು ಹೇಳಬೇಕಾದವರು ನೀವೇ, ದಾರಿ ತಪ್ಪಿ ಮರಳಿದಾಗ ಹೆಚ್ಚಾದ ದೂರವನ್ನು ಕಳೆಯಬೇಕಾದವರೂ ನೀವೇ. ಕೈಲೆಕ್ಕ ಬಾರದವರಿಗೆ ಪರದೆಯ ಮೇಲಿನ ಅಂಕಿ ತಪ್ಪಿದೆ ಎಂಬುದೇ ಹೊಳೆಯುವುದಿಲ್ಲ. ಹೊಸಬರು ಮೊದಲ ಎರಡು ಮೂರು ರ‍್ಯಾಲಿಗಳನ್ನು ಪೆನ್ಸಿಲ್ ಮತ್ತು ಗಡಿಯಾರದಲ್ಲೇ ಮುಗಿಸಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊಸಚಕ್ರ

ರ‍್ಯಾಲಿ ಮುಗಿಯಿತು. ನಾವು ಪಟ್ಟಿಯ ನಡುವೆ ಎಲ್ಲೋ ಇದ್ದೇವೆ, ಮತ್ತು ಅದರ ಬಗ್ಗೆ ಇಬ್ಬರಿಗೂ ಸಂತೋಷವಿದೆ. ಇಲ್ಲಿ ಬರೆದವರ ಋಣ ದೊಡ್ಡದು. ಒಂದು ಘಟನೆಯನ್ನಾದರೂ ವಿವರವಾಗಿ ಹೇಳಬೇಕೆನಿಸುತ್ತಿದೆ.

61.30 ಕಿಲೋಮೀಟರ್‌ನಲ್ಲಿ ಮೋರಿ ದಾಟಿದ ಮೇಲೆ ಎಡಕ್ಕೆ ತಿರುಗಬೇಕಿತ್ತು. ಮೋರಿ ಬಂತು, ಅದರಾಚೆ ಎಡಕ್ಕೊಂದು ಕಿರಿದಾದ ರಸ್ತೆಯೂ ಬಂತು, ತಿರುಗಿದೆವು. ಮುಂದಿನ ಸಾಲಿನ ಪ್ರಕಾರ 0.55 ಕಿಲೋಮೀಟರ್‌ಗೆ ನೀರಿನ ತೊಟ್ಟಿಯ ಬಳಿ ರಸ್ತೆ ಕವಲೊಡೆಯಬೇಕು. ತಂಗಿ "ಐನೂರ ಐವತ್ತು ಮೀಟರ್, ನೀರಿನ ತೊಟ್ಟಿ, ಬಲಕ್ಕೆ" ಎಂದಳು. "ಬಲಕ್ಕೆ" ಎಂದೆ. ಅರ್ಧ ಕಿಲೋಮೀಟರ್ ಕಳೆಯಿತು. ಎರಡೂ ಬದಿಗೆ ಹೊಲ, ಬೇಲಿ; ತೊಟ್ಟಿ ಕಾಣಲಿಲ್ಲ. ಅವಳ ಪೆನ್ಸಿಲ್ ಹಾಳೆಯ ಮೇಲೆ ನಿಂತೇ ಇತ್ತು. ಇನ್ನಷ್ಟು ಮುಂದೆ ಹೋಗಿ ನೋಡೋಣ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು, "ನನಗೆ ಇದು ಸರಿ ಅನ್ನಿಸ್ತಿಲ್ಲ, ನಿಲ್ಲಿಸಣ್ಣ," ಎಂದಳು.

ನಿಲ್ಲಿಸಿದೆ. ಏಕೆ ಎಂದು ಕೇಳಲಿಲ್ಲ. ಅವಳು ಗುರುತು ಹಾಕಿಕೊಂಡಿದ್ದ ತಿರುವಿನ ಅಂಕಿಯನ್ನೂ ಈಗಿನ ಅಂಕಿಯನ್ನೂ ಹೋಲಿಸಿ, "ತಿರುಗಿದ್ದೇ ಮುನ್ನೂರು ಮೀಟರ್ ಮೊದಲು, ನಾವು ಹಿಂದಿನ ಮೋರಿಯನ್ನ ಹಿಡಿದುಬಿಟ್ವಿ," ಎಂದಳು. ಮರಳಿ ಮುಖ್ಯ ರಸ್ತೆಗೆ ಬಂದೆವು. ಮುನ್ನೂರು ಮೀಟರ್ ಮುಂದೆ ಇನ್ನೊಂದು ಮೋರಿಯಿತ್ತು, ಅದರಾಚೆ ಎಡ ತಿರುವಿನಿಂದಲೇ ತೊಟ್ಟಿ ಕಾಣುತ್ತಿತ್ತು. ಹೋಗಿ ಬಂದದ್ದು 1.42 ಕಿಲೋಮೀಟರ್ ಎಂದು ಬರೆದುಕೊಂಡು ಅವಳು ಅಲ್ಲಿಂದ ಮುಂದಿನ ಪ್ರತಿ ಅಂಕಿಯಿಂದಲೂ ಅಷ್ಟನ್ನು ಕಳೆಯುತ್ತ ಹೋದಳು. ಎರಡೂವರೆ ನಿಮಿಷ ತಡವಾಗಿತ್ತು. 40ರ ಸರಾಸರಿಯ ಆ ಹಂತದಲ್ಲಿ ವೇಗಮಿತಿ 50 ಇತ್ತು. ಸ್ಟೀರಿಂಗ್ ಅವರು ಹೇಳಿದ ಲೆಕ್ಕವನ್ನು ನೆನೆದು 45ರಲ್ಲೇ ಓಡಿಸಿದೆ. ಆರು ಕಿಲೋಮೀಟರ್ ಆದ ಮೇಲೆ ಕಂಟ್ರೋಲ್ ಸಿಕ್ಕಿತು, 90 ಸೆಕೆಂಡು ತಡ. ಅದೇ ತಪ್ಪು ತಿರುವಿನಲ್ಲಿ ನಾಲ್ಕು ಕಿಲೋಮೀಟರ್ ಮುಂದೆ ಹೋದ ಜೋಡಿಯೊಂದಕ್ಕೆ ಆ ಕಂಟ್ರೋಲೇ ತಪ್ಪಿಹೋಯಿತು ಎಂದು ಸಂಜೆ ತಿಳಿಯಿತು.

ತಂಗಿಯೂ ಏನೋ ಕೇಳಬೇಕಂತೆ, ಅವಳೇ ಬರೆಯುತ್ತಾಳೆ.

ನಮಸ್ಕಾರ. ನಾನು ಇಡೀ ದಿನ ಒಟ್ಟು ದೂರವನ್ನೇ ನೆಚ್ಚಿಕೊಂಡಿದ್ದೆ. 61.30ರ ಬಳಿ ಆದ ತಪ್ಪಿಗೆ ಅದೂ ಒಂದು ಕಾರಣವೆಂದು ಈಗ ಅನ್ನಿಸುತ್ತಿದೆ, ಏಕೆಂದರೆ 1.024ರಿಂದ ಗುಣಿಸಿ ಬರೆದುಕೊಂಡಿದ್ದ ಅಂಕಿಗಳ ಬದಲು ಅಚ್ಚಾದ ಅಂಕಿಯನ್ನೇ ಆ ಒಂದು ಸಾಲಿನಲ್ಲಿ ಓದಿಬಿಟ್ಟಿದ್ದೆ. ಬಿಡಿ ದೂರವನ್ನು ಪ್ರತಿ ಗುರುತಿನಲ್ಲೂ ಸೊನ್ನೆಗೆ ತಂದು ಓದುವುದು ಹೆಚ್ಚು ಸುರಕ್ಷಿತವೇ?

ದಾರಿಗುರುತು

ನಿಮ್ಮ ಅಣ್ಣ ಬರೆದದ್ದನ್ನು ಎರಡು ಬಾರಿ ಓದಿದೆ, ತಾಯಿ. "ಸರಿ ಅನ್ನಿಸುತ್ತಿಲ್ಲ" ಎಂದು ಹೇಳಲು ನನಗೆ ನಾಲ್ಕು ವರ್ಷ ಬೇಕಾಗಿತ್ತು.

ಟ್ರಿಪ್‌ಮೀಟರ್‌ನಲ್ಲಿ ಎರಡು ಎಣಿಕೆ ಇದ್ದರೆ ಒಂದನ್ನು ಒಟ್ಟು ದೂರಕ್ಕೆ ಬಿಟ್ಟು, ಇನ್ನೊಂದನ್ನು ಪ್ರತಿ ಗುರುತಿನಲ್ಲೂ ಸೊನ್ನೆಗೆ ತನ್ನಿ. ಬಿಡಿ ದೂರ ಚಿಕ್ಕದಾದ್ದರಿಂದ ನೂರಕ್ಕೆ 2.4ರ ವ್ಯತ್ಯಾಸ ಅಲ್ಲಿ ಕೆಲವು ಮೀಟರ್‌ಗಳಷ್ಟೇ ಆಗುತ್ತದೆ, ದಾರಿ ಹುಡುಕಲು ಅದೇ ಸಾಕು. ಸಮಯದ ಲೆಕ್ಕಕ್ಕೆ ಒಟ್ಟು ದೂರವೇ ಬೇಕು. ಎಣಿಕೆ ಒಂದೇ ಇದ್ದರೆ ಅದನ್ನು ಸೊನ್ನೆ ಮಾಡಬೇಡಿ. ತಿದ್ದಿದ ಅಂಕಿಯನ್ನು ಕೆಂಪು ಪೆನ್ನಿನಲ್ಲಿ ದಪ್ಪಗೆ ಬರೆದು, ಅಚ್ಚಾದ ಅಂಕಿಯ ಮೇಲೆ ಒಂದು ಗೆರೆ ಎಳೆದುಬಿಡಿ.